ಮಲಕಾಲ್‌ನಿಂದ ಬಂದ ಫೋಟೋಗಳು

ಯುದ್ಧ ನಡೆಯುವ ಜಾಗ ಅಂದ ಕೂಡಲೇ ನಮಗೆ ನೆನಪಾಗೋದು ಟಿವಿಯಲ್ಲಿ ನೋಡಿದ್ದೇ: ಹೊಗೆ, ಕುಸಿದ ಕಟ್ಟಡ, ಓಡುವ ಜನ. 2022ರ ಮಳೆಗಾಲದ ಕೊನೆಗೆ ನಮ್ಮ ಕಾಕಾನ ಮಗ, ಸೇನೆಯಲ್ಲಿ ಹವಾಲ್ದಾರ್ ಆಗಿರುವವನು, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಭಾರತೀಯ ತುಕಡಿಯ ಜೊತೆ ದಕ್ಷಿಣ ಸುಡಾನ್‌ಗೆ ಹೋದ. ಅಲ್ಲಿಂದ ಅವನು ಕಳಿಸಿದ ಮೊದಲ ಫೋಟೋದಲ್ಲಿ ಇದ್ದದ್ದು ಕೆಸರು. ಬರೀ ಕೆಸರು.

ಕ್ಯಾಂಪು, ಗಾಡಿ, ಬಂದೂಕು, ಜೊತೆಗಾರರು ಯಾವುದರ ಫೋಟೋನೂ ಹಾಕೋ ಹಾಗಿಲ್ಲವಂತೆ. ಉಳಿದದ್ದೇನು? ನೆಲ, ದನ, ಸಂತೆ, ಆಕಾಶ. ಅವನು ಬೆಂಗಳೂರಲ್ಲಿರೋ ನನಗೆ ಕಳಿಸ್ತಿದ್ದ. ನಾನು ರಾತ್ರಿ ಊರಿಗೆ ವಿಡಿಯೋ ಕಾಲ್ ಮಾಡಿ, ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ಕಾಕುಗೆ ತೋರಿಸ್ತಿದ್ದೆ.

ಆ ಕೆಸರಿನ ಫೋಟೋ ನೋಡಿ ಕಾಕು ಅಂದದ್ದು, "ಅಲ್ಲೂ ಎರಿ ಹೊಲಾನ ಐತಿ ಬಿಡು!"

ಹೌದು, ಅದು ಗದಗಿನ ನಮ್ಮ ಊರಿನಂಥದ್ದೇ ಎರೆಮಣ್ಣು. ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುತ್ತೆ, ಬೇಸಿಗೆಗೆ ಬಾಯಿ ಬಿಡುತ್ತೆ. ಮಳೆಗಾಲದಲ್ಲಿ ಅಲ್ಲಿ ಎಷ್ಟೋ ರಸ್ತೆ ಬಂದ್. ಮಲಕಾಲ್ ಇರೋದು ಬಿಳಿ ನೈಲ್ ದಂಡೆಯಲ್ಲಿ, ಹಾಗಾಗಿ ದೋಣಿಯೇ ಗತಿ. 2011ರಲ್ಲಿ ಸ್ವತಂತ್ರವಾದ ದೇಶ ಅದು. 2013ರ ಡಿಸೆಂಬರ್‌ನಲ್ಲಿ ಅಂತರ್ಯುದ್ಧ ಶುರುವಾಯ್ತು, 2018ರಲ್ಲಿ ಒಪ್ಪಂದ ಆಯ್ತು, ಆಮೇಲೂ ಅಲ್ಲಲ್ಲಿ ಗುಂಡು ನಿಂತಿಲ್ಲ. ಮಲಕಾಲ್‌ನಲ್ಲಿ ವಿಶ್ವಸಂಸ್ಥೆಯ ನೆಲೆಯ ಪಕ್ಕದಲ್ಲೇ ಸಾವಿರಾರು ಜನ ವರ್ಷಗಟ್ಟಲೆ ಶಿಬಿರದಲ್ಲಿದ್ದಾರೆ.

ಎರಡನೇ ಫೋಟೋ ಸಂತೆಯಲ್ಲಿನ ಜೋಳದ ರಾಶಿ. ನಮ್ಮ ಜೋಳವೇ. ಅಲ್ಲ, ಸರಿಯಾಗಿ ಹೇಳಬೇಕಂದ್ರೆ ಅವರದ್ದೇ. ಜೋಳ ಹುಟ್ಟಿದ್ದು ಆಫ್ರಿಕಾದ ಆ ಭಾಗದಲ್ಲಿ, ನಮ್ಮ ಕಡೆಗೆ ಬಂದದ್ದು ಸಾವಿರಾರು ವರ್ಷಗಳ ಹಿಂದೆ. ಅವರು ಹಿಟ್ಟನ್ನು ಹುಳಿ ಬರಿಸಿ, ದೋಸೆ ಹಾಗೆ ತೆಳ್ಳಗೆ ಹುಯ್ದು ಕಿಸ್ರಾ ಮಾಡ್ತಾರೆ. ಕಾಕುಗೆ ಇದು ಅಷ್ಟೇನೂ ಹಿಡಿಸಲಿಲ್ಲ. "ರೊಟ್ಟಿ ಬಡಿಯಾಕ ಬರೂದಿಲ್ಲೇನ ಅವರಿಗೆ?"

ಆಮೇಲೆ ದನಗಳು. ಅಲ್ಲಿನ ಭಾರತೀಯ ಸೇನೆಯ ಪಶುವೈದ್ಯರ ಹತ್ತಿರ ಜನ ತಮ್ಮ ದನಗಳನ್ನು ಹೊಡೆದುಕೊಂಡು ಬರ್ತಾರೆ. ನಮ್ಮ ಕಿಲಾರಿಯನ್ನೂ ಮೀರಿಸುವ ಕೋಡು. ಡಿಂಕಾ, ನುಯೆರ್ ಹುಡುಗರು ತಮ್ಮ ಹೋರಿಯ ಬಣ್ಣದ ಹೆಸರನ್ನೇ ತಾವೂ ಇಟ್ಟುಕೊಳ್ತಾರೆ. ಸೊಳ್ಳೆಗೆ ಅಂತ ಕುಳ್ಳಿನ ಬೂದಿಯನ್ನು ತಮ್ಮ ಮೈಗೂ ದನದ ಮೈಗೂ ಬಳಿಯುತ್ತಾರೆ. ವಧುವಿನ ಮನೆಗೆ ಕೊಡೋದೂ ದನವೇ, ಬಂದೂಕು ಹಿಡಿದು ಲೂಟಿ ಮಾಡೋದೂ ದನವೇ. ಈ ಕೊನೆಯ ಮಾತನ್ನು ನಾನು ಕಾಕುಗೆ ಹೇಳಲಿಲ್ಲ. ಅವನೂ ಹೇಳಬೇಡ ಅಂದಿದ್ದ.

ಆದರೆ ಕಾಕು ನೋಡ್ತಿದ್ದದ್ದು ದನವನ್ನಲ್ಲ. ಒಂದು ಫೋಟೋದ ಮೂಲೆಯಲ್ಲಿ ಅವನ ಹೆಬ್ಬೆರಳು ಅಡ್ಡ ಬಂದಿತ್ತು. "ತಡಿ, ಅದನ್ನ ದೊಡ್ಡದು ಮಾಡು" ಅಂದಳು. ಬಹಳ ಹೊತ್ತು ನೋಡಿ, "ಸೊರಗ್ಯಾನ" ಅಂದಳು.

2023ರ ಜೂನ್‌ನಲ್ಲಿ ಆ ಶಿಬಿರದೊಳಗೇ ಹೊಡೆದಾಟವಾಗಿ ಜನ ಸತ್ತರು. ನಾನು ಆಫೀಸಿನಲ್ಲಿ ಕೂತು ಮೊಬೈಲಿನಲ್ಲಿ ಓದಿದೆ. ನಾಲ್ಕು ದಿನ ಅವನಿಂದ ಏನೂ ಬರಲಿಲ್ಲ. ಕಾಕುಗೆ ನೆಟ್‌ವರ್ಕ್ ಇಲ್ಲ ಅಂತ ಹೇಳ್ತಾ ಬಂದೆ. ಐದನೇ ದಿನ ನಮ್ಮಲ್ಲಿ ಬೆಳಗಿನ ಜಾವ ಒಂದು ಫೋಟೋ ಬಂತು, ಒಂದು ಲೋಟ ಚಹಾ. ಅಲ್ಲಿ ನಮಗಿಂತ ಮೂರೂವರೆ ತಾಸು ಹಿಂದೆ, ಅಂದ್ರೆ ನಡುರಾತ್ರಿ. ನನಗೆ ಜೀವ ಬಂದ ಹಾಗಾಯ್ತು. ಕಾಕು ಮಾತ್ರ ನಗಲಿಲ್ಲ. "ಇಷ್ಟೊತ್ತನ್ಯಾಗ ಅಂವ ಎಂದೂ ಚಾ ಕುಡದಾಂವಲ್ಲ. ನಿದ್ದಿ ಬಂದಿಲ್ಲ ಅಂವಗ. ಏನಾತಲ್ಲಿ?"

ನಾವಿಬ್ಬರೂ ಸೇರಿ ಎಂಟು ತಿಂಗಳು ಮುಚ್ಚಿಟ್ಟದ್ದನ್ನು ಅವಳು ಒಂದು ಲೋಟದಲ್ಲಿ ಓದಿಬಿಟ್ಟಿದ್ದಳು.

ಆವತ್ತಿನಿಂದ ಅವಳ ಹತ್ತಿರ ಏನೂ ಮುಚ್ಚಿಡಲಿಲ್ಲ. ಆ ವರ್ಷ ಏಪ್ರಿಲ್‌ನಲ್ಲಿ ಪಕ್ಕದ ಸುಡಾನ್‌ನಲ್ಲಿ ಯುದ್ಧ ಶುರುವಾಗಿ, ಜನ ಗಡಿ ದಾಟಿ, ನೈಲ್ ನದಿಯ ದೋಣಿಗಳಲ್ಲಿ ಮಲಕಾಲ್‌ಗೆ ಬರುತ್ತಿದ್ದರು. ಅವನು ಒಂದು ದೋಣಿಯ ಫೋಟೋ ಕಳಿಸಿದ. ದೂರದಿಂದ ತೆಗೆದದ್ದು, ಯಾರ ಮುಖವೂ ಕಾಣಲ್ಲ. ಕಾಣೋದು ಸಾಮಾನು: ಹಾಸಿಗೆ, ಕೊಡ, ಟೇಬಲ್ ಫ್ಯಾನು, ಒಂದು ಮಂಚ. ಎಷ್ಟು ಹೊತ್ತಿದ್ದರೋ ಯುದ್ಧದ ಸುದ್ದಿಯನ್ನು ನಾನು ಓದಿದ್ದೆ, ಆದರೆ ಓಡುವಾಗ ಟೇಬಲ್ ಫ್ಯಾನ್ ಎತ್ತಿಕೊಂಡವರ ಬಗ್ಗೆ ಯೋಚಿಸಿರಲಿಲ್ಲ. ಯುದ್ಧ ಹಾಳು ಮಾಡೋದು ಇದನ್ನೇ ಅಲ್ವಾ? ನಮ್ಮ ಮನೆಯಲ್ಲೂ ಇರುವಂಥದ್ದನ್ನು.

ಕಾಕು ಕೇಳಿದ್ದು ಒಂದೇ ಪ್ರಶ್ನೆ: "ಮಳಿ ಹಿಡಿದೈತಿ. ಇವರು ಈ ವರ್ಷ ಎಲ್ಲಿ ಬಿತ್ತತಾರ?"

ಅದನ್ನು ಹಾಗೇ ಅವನಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಈಗ ಅವನು ಊರಿಗೆ ಬಂದಾಗಿದೆ. ಕಾಕು ಮಾತ್ರ ಮುಂಗಾರು ಶುರುವಾದಾಗೆಲ್ಲ ನಮ್ಮಿಬ್ಬರನ್ನೂ ಆ ದೋಣಿಯವರ ಬಗ್ಗೆ ಕೇಳ್ತಾಳೆ.