ಅವ್ವ ಹತ್ತುವ ಏಣಿ

ಧಾರಾವಿಯಲ್ಲಿ ಮೆಟ್ಟಿಲು ಅಂದರೆ ಏಣಿ. ಕೆಳಗೊಂದು ಖೋಲಿ, ಮೇಲೊಂದು ಖೋಲಿ, ಹೊರಗಿನಿಂದ ಹತ್ತಲು ಗೋಡೆಗೆ ಒರಗಿದ ಕಬ್ಬಿಣದ ಏಣಿ. 90 ಫೀಟ್ ರೋಡಿನಿಂದ ಯಾವ ಗಲ್ಲಿಗೆ ಹೊರಳಿದರೂ ಇಂಥವು ಕಾಣುತ್ತವೆ. ನಮ್ಮದಕ್ಕೆ ಹನ್ನೊಂದು ಮೆಟ್ಟಿಲು. ಕಲಬುರಗಿ ಕಡೆಯಿಂದ ಬಂದು ಇಲ್ಲಿ ವೆಲ್ಡಿಂಗ್ ಕಲಿತ ಅಪ್ಪ, ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ರಾಡ್ ವೆಲ್ಡಿಂಗಿನಲ್ಲಿ ಕೂಡಿಸಿದ್ದು. ಕಳೆದ ಮಳೆಗಾಲ ಮುಗಿಯುವಷ್ಟರಲ್ಲಿ ಕೆಳಗಿನ ನಾಲ್ಕು ಮೆಟ್ಟಿಲು ತುಕ್ಕು ಹಿಡಿದು ಹಪ್ಪಳದಂತಾಗಿದ್ದವು. ಅವ್ವ ದಿನಕ್ಕೆ ಏಳೆಂಟು ಸಲ ಹತ್ತಿಳಿಯುತ್ತಾಳೆ, ಬಹಳ ಸಲ ಒಂದು ಕೈಯಲ್ಲಿ ನೀರಿನ ಕೊಡ ಇರುತ್ತದೆ.

ಅಪ್ಪನ ಎರಡೂ ಕಣ್ಣಿನ ಪೊರೆ ತೆಗೆಸಿದ್ದೇವೆ. ಇನ್ನು ವೆಲ್ಡಿಂಗ್ ಬೇಡ ಎಂದು ಮನೆಯವರೆಲ್ಲ ಹಟ ಹಿಡಿದದ್ದರಿಂದ ಕೆಲಸ ನನ್ನ ಪಾಲಿಗೆ ಬಂತು. ಆಫೀಸಿನಲ್ಲಿ ಲೆಕ್ಕ ಬರೆಯುವವನು ನಾನು. ರಾಡ್ ಹಿಡಿದರೆ ಅಂಟಿಕೊಳ್ಳುತ್ತದೆ, ಕೈ ನಡುಗುತ್ತದೆ. ಮಿಗ್ ಆದರೆ ಗನ್ ಒತ್ತಿದರೆ ಸಾಕು ಎಂದು ಎಲ್ಲರೂ ಹೇಳಿದರು. ನಾಗದೇವಿ ಸ್ಟ್ರೀಟಿಗೆ ಹೋಗಿ ಮನೆಯ ಕರೆಂಟಿನಲ್ಲೇ ಓಡುವ ಸಣ್ಣ ಯಂತ್ರವೊಂದನ್ನು ಹೊತ್ತು ತಂದೆ.

ಗೊತ್ತಿಲ್ಲದವರಿಗೆ ಎರಡು ಮಾತು. ರಾಡಿನ ಬದಲು ಇಲ್ಲಿ ಸಣ್ಣ ತಂತಿ. ಅದು ಸ್ಪೂಲಿನಿಂದ ಬಿಚ್ಚಿಕೊಂಡು, ಎರಡು ರೋಲರುಗಳ ನಡುವೆ ಸಿಕ್ಕಿ, ಕೇಬಲ್ಲಿನೊಳಗಿನ ಲೈನರ್ ಎಂಬ ಸುರುಳಿ ಕೊಳವೆಯಲ್ಲಿ ಸಾಗಿ, ಗನ್ನಿನ ತಾಮ್ರದ ಟಿಪ್ಪಿನಿಂದ ಹೊರಬರುತ್ತದೆ. ತಂತಿಯೇ ಕರಗಿ ಬೆಸುಗೆಯಾಗುತ್ತದೆ. ಸುತ್ತ ಗ್ಯಾಸ್ ಸುರಿದು ಗಾಳಿಯನ್ನು ದೂರವಿಡುತ್ತದೆ. 1948ರಲ್ಲಿ ಅಮೆರಿಕದ ಬ್ಯಾಟೆಲ್ ಸಂಸ್ಥೆಯಲ್ಲಿ ಈ ವಿಧಾನ ರೂಪುಗೊಂಡದ್ದು ಅಲ್ಯೂಮಿನಿಯಂ ಕೂಡಿಸಲೆಂದು. ಕಾರ್ಬನ್ ಡೈಆಕ್ಸೈಡಿನಂಥ ಅಗ್ಗದ ಗ್ಯಾಸ್ ಬಳಕೆಗೆ ಬಂದ ಮೇಲೆ ಕಬ್ಬಿಣದ ಕೆಲಸಕ್ಕೂ ಹಬ್ಬಿತು.

ಮೊದಲ ಭಾನುವಾರ ಬೆಸುಗೆಯೇ ಆಗಲಿಲ್ಲ. ತಂತಿ ತಡೆತಡೆದು ಬಂತು. ರೋಲರಿನ ಮೇಲಿನ ತಿರುಪನ್ನು ಬಿಗಿ ಮಾಡಿದೆ. ಸ್ವಲ್ಪ ಹೊತ್ತು ಸರಿಹೋಯಿತು, ಮತ್ತೆ ತಡೆಯಿತು. ಮತ್ತೆ ಬಿಗಿ ಮಾಡಿದೆ. ಮೂರನೇ ಸಲ ತಂತಿ ಟಿಪ್ಪಿನಲ್ಲೇ ಕರಗಿ ಅಂಟಿತು. ಮುಂದೆ ದಾರಿಯಿಲ್ಲ, ಹಿಂದಿನಿಂದ ರೋಲರು ನೂಕುತ್ತಲೇ ಇದೆ. ಬಾಗಿಲು ತೆಗೆದು ನೋಡಿದರೆ ಒಳಗೆ ತಂತಿಯ ಕಾಗೆಗೂಡು. ಕತ್ತರಿಸಿ ತೆಗೆಯಲು ಅರ್ಧ ತಾಸು ಹಿಡಿಯಿತು.

ತಿರುಪು ಸಡಿಲವೇ ಇರಬೇಕು; ಮುಂದೆ ಅಡ್ಡಿಯಾದರೆ ರೋಲರು ಜಾರಬೇಕು, ತಂತಿಯನ್ನು ಮಡಚಬಾರದು. ಇದು ತಿಳಿದದ್ದು ಆಮೇಲೆ. ಪ್ಲಗ್ ಕಿತ್ತು, ಟಿಪ್ ಬಿಚ್ಚಿ, ರೋಲರು ಎತ್ತಿ, ಗನ್ನಿನ ತುದಿಯಿಂದ ತಂತಿಯನ್ನು ಕೈಯಿಂದ ಎಳೆದೆ. ಸರಾಗವಾಗಿ ಬರಬೇಕಿತ್ತು, ತೆಂಗಿನ ಹಗ್ಗದಂತೆ ಜಗ್ಗಿತು. ಖೋಲಿಯಲ್ಲಿ ಜಾಗವಿಲ್ಲವೆಂದು ಗನ್ನಿನ ಕೇಬಲ್ಲನ್ನು ಸುತ್ತಿ ಸಿಂಬಿ ಮಾಡಿ ಇಟ್ಟಿದ್ದೆ. ಅಷ್ಟು ತಿರುವುಗಳಲ್ಲಿ ತಂತಿ ಹೇಗೆ ಓಡೀತು? ಸಾಲದ್ದಕ್ಕೆ 0.8 ಮಿಲಿಮೀಟರ್ ತಂತಿಗೆ 1.0 ಮಿಲಿಮೀಟರಿನ ಗಾಡಿಯನ್ನು ಮುಂದೆ ಮಾಡಿ ರೋಲರು ಕೂರಿಸಿದ್ದೆ. ಅದು ಜಾರಿದಂತೆಲ್ಲ ನಾನು ಬಿಗಿದೆ, ಬಿಗಿದಂತೆಲ್ಲ ತಂತಿಯ ತಾಮ್ರ ಕೆರೆದು ಪುಡಿಯಾಗಿ ಲೈನರಿಗೆ ತುಂಬಿತು. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ಹೊಡೆಸಿದಾಗ ಹೊರಬಿದ್ದ ಪುಡಿ ಅರಿಸಿನದ ಡಬ್ಬಿ ಒದರಿದಂತಿತ್ತು.

ಎರಡನೇ ಭಾನುವಾರ ತಂತಿ ಓಡಿತು, ಆರ್ಕ್ ಕೆಟ್ಟಿತು. ಪಟಾಕಿಯಂತೆ ಸಿಡಿದು, ಎಲ್ಲ ಕಡೆ ಕಬ್ಬಿಣದ ಕಾಳು ಎರಚಿತು. ಗ್ಯಾಸಿಲ್ಲದೆ ನಡೆಯುವ, ಒಳಗೆ ಪುಡಿ ತುಂಬಿದ ತಂತಿಗೆ ಗನ್ ಮೈನಸ್ಸಿಗೆ ಸೇರಬೇಕು. ಗ್ಯಾಸ್ ಹಾಕುವ ಗಟ್ಟಿ ತಂತಿಗೆ ಪ್ಲಸ್ಸಿಗೆ. ಯಂತ್ರ ಮೈನಸ್ಸಿನಲ್ಲಿತ್ತು, ನನ್ನದು ಗ್ಯಾಸಿನ ತಂತಿ. ಅದು ತಿದ್ದಿದ ಮೇಲೆ ಬೆಸುಗೆಯಲ್ಲಿ ಸೂಜಿ ಚುಚ್ಚಿದಂತೆ ತೂತು. ಗ್ಯಾಸು ಮುಗಿಯಿತೇನೋ ಅಂತ ಸಿಲಿಂಡರನ್ನೇ ಅಲ್ಲಾಡಿಸಿ ನೋಡಿದೆ. ಸೆಕೆಗೆ ಹಚ್ಚಿದ ಟೇಬಲ್ ಫ್ಯಾನು ಗ್ಯಾಸನ್ನೆಲ್ಲ ಹಾರಿಸುತ್ತಿತ್ತು. ಫ್ಯಾನ್ ಆರಿಸಿ, ಒದ್ದೆ ಗೋಣಿಚೀಲ ಹಾಸಿ, ಬಕೆಟ್ ನೀರು ಪಕ್ಕಕ್ಕಿಟ್ಟುಕೊಂಡು ಬೆವರುತ್ತ ಕೂತೆ.

ಅಂದು ಸಂಜೆ ನಾಲ್ಕೂ ಮೆಟ್ಟಿಲು ಮುಗಿಸಿದೆ. ಕತ್ತಲಾಗುವ ಹೊತ್ತಿಗೆ ಸದ್ದು ಬದಲಾಗಿತ್ತು. ತಂತಿ ಕಬ್ಬಿಣಕ್ಕೆ ಕುಟ್ಟಿ ಗನ್ನನ್ನು ಹಿಂದಕ್ಕೆ ನೂಕುತ್ತಿತ್ತು. ತಂತಿಯ ವೇಗ ಇಳಿಸಿದೆ, ಕುಟ್ಟುವುದು ನಿಂತಿತು. ಬೆಸುಗೆ ಶಾವಿಗೆಯಂತೆ ದುಂಡಗೆ, ಚೆಂದಾಗಿ ಕೂತಿತ್ತು. ಫೋಟೋ ತೆಗೆದು ತಂಗಿಗೆ ಕಳಿಸಿದೆ. ಅವ್ವನಿಗೆ "ಆಯ್ತು ಹತ್ತವ್ವ" ಅಂದೆ. ಅವಳು ಕೊಡ ಹಿಡಿದು ಹತ್ತಿದಳು.

ಅಪ್ಪ ಒಳಗಿನಿಂದಲೇ ಕೇಳಿದ, "ಆಖರಿಗೆ ಆವಾಜ್ ಯಾಕ ಮಂದ ಆಯ್ತೋ? ಎಣ್ಣ್ಯಾಗ ಭಜಿ ಬಿಟ್ಟಂಗ ಬರಬೇಕು ಅದು."

"ನಾನೇ ಕಡಿಮಿ ಮಾಡೀನಪ್ಪಾ."

"ಹಂಗಾರ ಅದೇ ಸೆಟ್ಟಿಂಗ್‌ನಾಗ ಮಾಡಿದ್ದು ಒಂದು ತುಕಡಾ ಕೊಡು."

ಮೆಟ್ಟಿಲು ಹಚ್ಚುವ ಮುಂಚೆ ಅದೇ ಆಂಗಲ್ಲಿಗೆ ಅದೇ ಪೈಪಿನ ತುಂಡು ಬೆಸೆದು ನೋಡಿದ್ದೆ. ಅಪ್ಪ ಅದನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಏಟು ಹಾಕಿದ. ಬೆಸುಗೆ ಮುರಿಯಲಿಲ್ಲ, ಎದ್ದು ಬಂತು. ಗಾಯದ ಹೆಕ್ಕಳೆ ಕಿತ್ತಂತೆ ಇಡಿಯಾಗಿ. ಅದರಡಿಯ ಆಂಗಲ್ ಕರಗಿಯೇ ಇರಲಿಲ್ಲ. ನಾನು ಗ್ರೈಂಡರಿನಲ್ಲಿ ಉಜ್ಜಿದ ಗೆರೆಗಳು ಹಾಗೇ ಕಾಣುತ್ತಿದ್ದವು. ಅಷ್ಟರಲ್ಲಿ ಅವ್ವ ಮೂರು ಸಲ ಹತ್ತಿಳಿದಿದ್ದಳು. ನಾನು ಹೋಗಿ ಏಣಿಯ ಬುಡಕ್ಕೆ ಸ್ಟೂಲ್ ಅಡ್ಡ ಇಟ್ಟೆ. ಅಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಕಾರಣ ಬಾಗಿಲ ಹಿಂದೆ ಬಿದ್ದಿತ್ತು. ಮಿಕ್ಸರಿಗೆ ತಂದ ತೆಳ್ಳನೆಯ ಎಕ್ಸ್‌ಟೆನ್ಶನ್ ವೈರು, ಉದ್ದ ಹೆಚ್ಚಾಯಿತೆಂದು ಸುತ್ತಿಟ್ಟದ್ದು. ಮುಟ್ಟಿದರೆ ಬೆಚ್ಚಗಿತ್ತು. ಮೀಟರ್ ಹಿಡಿದು ನೋಡಿದಾಗ 230 ವೋಲ್ಟ್ ಇದ್ದದ್ದು ಆರ್ಕ್ ಹಚ್ಚಿದ ಕೂಡಲೇ 195ಕ್ಕೆ ಇಳಿಯಿತು. ಆರ್ಕಿಗೆ ಶಕ್ತಿ ಸಾಲದೆ ತಂತಿ ಕುಟ್ಟುತ್ತಿತ್ತು. ನಾನು ತಂತಿ ಕಡಿಮೆ ಮಾಡಿ ಕರೆಂಟನ್ನೂ ಇಳಿಸಿ, ದೂರನ್ನಷ್ಟೇ ಬಾಯಿ ಮುಚ್ಚಿಸಿದ್ದೆ. ರಾಡಿನಲ್ಲಿ ತಾಪ ಕಡಿಮೆಯಾದರೆ ರಾಡ್ ಅಂಟಿಕೊಂಡು ಹೇಳುತ್ತದೆ. ಮಿಗ್ ಹೇಳುವುದಿಲ್ಲ, ತಂತಿ ಸುರಿಯುತ್ತಲೇ ಇರುತ್ತದೆ, ಮೇಲೆ ಚೆಂದ ಕಾಣುತ್ತದೆ. ಗನ್ ಒತ್ತಿದರೆ ಸಾಕು ಎಂದವರ ಮೇಲೆ ಈಗಲೂ ನನಗೆ ಸಣ್ಣ ಸಿಟ್ಟಿದೆ.

ಮೂರನೇ ಭಾನುವಾರ ಗ್ರೈಂಡರಿನಿಂದ ನಾಲ್ಕೂ ಮೆಟ್ಟಿಲು ಕತ್ತರಿಸಿ ಬಿಸಾಡಿದೆ. ದಪ್ಪ ವೈರು ನೇರವಾಗಿ ಎಳೆದೆ, ಅರ್ಥಿಂಗ್ ಕ್ಲಾಂಪಿನ ಜಾಗದಲ್ಲಿ ಬಣ್ಣ ಕೆರೆದೆ, ವೋಲ್ಟೇಜ್ ಏರಿಸಿದೆ. ಅಪ್ಪ ಗೋಡೆಗೆ ಮುಖ ಮಾಡಿ, ಬೆಳಕಿಗೆ ಬೆನ್ನು ಕೊಟ್ಟು ಕೂತು ಕೇಳಿಸಿಕೊಂಡ. "ಇನ್ನ ಸ್ವಲ್ಪ... ಹಾಂ, ಅದೇ." ಹೊಸ ತುಂಡಿಗೆ ಅವನೇ ಏಟು ಹಾಕಿದ. ಐದನೇ ಏಟಿಗೆ ಪೈಪ್ ಚಪ್ಪಟೆಯಾಯಿತು, ಬೆಸುಗೆ ನಿಂತಿತು. ಆಮೇಲೆ ಒಂದೊಂದು ಮೆಟ್ಟಿಲ ಮೇಲೂ ನಾನೇ ನಿಂತು ಕುಣಿದೆ.

ಪಕ್ಕದ ಮನೆಯವರು ನಿಂತು ನೋಡಿ, ಸರ್ವೆಯವರು ನಂಬರ್ ಬರೆದು ಹೋಗಿದ್ದಾರೆ, ಇವತ್ತಲ್ಲ ನಾಳೆ ಒಡೆಯುವ ಮನೆಗೆ ಇಷ್ಟು ಯಾಕೆ ಎಂದರು. ಅವ್ವ ಅಷ್ಟರಲ್ಲಿ ಅರ್ಧ ಏಣಿ ಹತ್ತಿದ್ದಳು. ಅಲ್ಲಿಂದಲೇ, "ಅವರು ಬರೂತನ ನಾ ಕೆಳಗೇ ಕೂಡಬೇಕೇನವಾ?" ಅಂದಳು.

ಈಗ ಮತ್ತೆ ಮಳೆ ಹಿಡಿದಿದೆ. ಸ್ಪೂಲ್ ಬಿಚ್ಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಜೋಳದ ಹಿಟ್ಟಿನ ಹಳೇ ಡಬ್ಬಿಯೊಳಗೆ ಮುಚ್ಚಿಟ್ಟಿದ್ದೇನೆ. ತಂತಿಗೆ ತುಕ್ಕು ಬಿದ್ದರೆ ಲೈನರ್ ಮತ್ತೆ ಕಟ್ಟುತ್ತದೆ.