ಗಾಲಿಯ ಮೇಲಿನ ಮನೆಯ ನೆಲ

ತುಮಕೂರಿನ ಹಳೆಯ ಮನೆಗಳಲ್ಲಿ ನೆಲವೆಂದರೆ ಕಲ್ಲುಚಪ್ಪಡಿ. ಇಲ್ಲವೆ ಉಜ್ಜಿ ಉಜ್ಜಿ ಮಿರುಗು ಬಂದ ಕೆಂಪು ಗಾರೆ. ಅದರ ಮೇಲೆ ಮೂರು ತಲೆಮಾರು ನಡೆದಾಡಿದರೂ ಯಾರಿಗೂ ನೆಲದ ಯೋಚನೆ ಬಾರದು. ಗೋಡೆ ಬಿರುಕು ಬಿಟ್ಟೀತು, ಸೂರು ಸೋರೀತು. ನೆಲ ಮಾತ್ರ ಕಾಲಿಗೆ ಕೊಟ್ಟ ಮಾತಿಗೆ ತಪ್ಪದು ಎಂಬುದು ಗೃಹಸ್ಥರ ನಂಬಿಕೆ. ಮನೆಗೆ ಗಾಲಿ ಕಟ್ಟಿದೊಡನೆ ಈ ನಂಬಿಕೆಗೆ ಮೊದಲ ಪೆಟ್ಟು ಬೀಳುತ್ತದೆ.

ಅಲೆದಾಟದ ಸಂಸಾರ ಈ ಸೀಮೆಗೆ ಹೊಸದೇನೂ ಅಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ ಊರಿನಿಂದೂರಿಗೆ ತನ್ನ ರಂಗವನ್ನೇ ಹೊತ್ತು ತಿರುಗಿತು. ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳೇ ಬಂದವು. ಆನೆಯನ್ನು ಕಂಡು ಚಪ್ಪಾಳೆ ತಟ್ಟುವುದು ಪ್ರೇಕ್ಷಕರ ಪಾಲು. ಅದರ ಕಾಲ ಕೆಳಗೆ ಏನಿದೆಯೆಂದು ಚಿಂತಿಸುವುದು ಪರದೆಯ ಹಿಂದಿನವರ ಪಾಲು. ಇಂದು ಅಲೆಮಾರಿತನ ವಿರಾಮದ ಸುಖವಾಗಿದೆ. ಮಂಚ, ಒಲೆ, ನೀರಿನ ತೊಟ್ಟಿಗಳನ್ನೊಳಗೊಂಡ ಕ್ಯಾರವಾನಿನಲ್ಲಿ ಹೆಂಡತಿ ಮಕ್ಕಳೊಡನೆ ಹೊರಟವನಿಗೆ ಪರದೆಯ ಹಿಂದಿನ ಆ ಚಿಂತೆಯೂ ತಾನಾಗಿ ಗಂಟುಬೀಳುತ್ತದೆ.

ಅದು ಮೊದಲು ತಿಳಿಯುವುದು ಕಣ್ಣಿಗಲ್ಲ, ಹಿಮ್ಮಡಿಗೆ. ಬಾಗಿಲ ಬಳಿಯೋ ಪಾತ್ರೆ ತೊಳೆಯುವ ತೊಟ್ಟಿಯ ಬುಡದಲ್ಲೋ ಇಟ್ಟ ಹೆಜ್ಜೆ ಹಣ್ಣಾದ ಹಲಸಿನ ಮೇಲೆ ಇಟ್ಟಂತೆ ಕುಸಿಯುತ್ತದೆ. ಆ ಕ್ಷಣದಲ್ಲಿ ಹೊಳೆಯುವ ಉಪಾಯ ಎಲ್ಲರಿಗೂ ಒಂದೇ: ಮೇಲೊಂದು ಚೆಲುವಾದ ಜಮಖಾನ. ಹಾಸು ಹೊಸದಾದರೆ ಗಾಡಿಯನ್ನು ಮಾರಿಬಿಡಲೂಬಹುದು! ಕೊಂಡವನ ಮಗು ಅದೇ ಜಾಗದಲ್ಲಿ ಕುಣಿದೀತು ಎಂಬುದನ್ನು ಜಮಖಾನ ಹೇಳುವುದಿಲ್ಲ.

ಕುಣಿಗಲ್ಲಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೈದರ್, ಟಿಪ್ಪುಗಳ ಕಾಲದಿಂದಲೂ ಕುದುರೆಗಳಿಗೆ ಹೆಸರಾದ ಊರು ಅದು. ಕುದುರೆಯನ್ನು ಸಾಗಿಸುವ ವಾಹನಗಳಲ್ಲಿ ಹಲಗೆಯ ಮೇಲೆ ರಬ್ಬರಿನ ಹಾಸಿರುತ್ತದೆ. ಅದು ಗೊರಸಿಗೆ ಹಿತ, ಮರಕ್ಕೆ ಮಾರಿ. ಮೂತ್ರವೂ ನೀರೂ ಅದರಡಿಗೆ ಸೇರಿ ಆರದೆ ನಿಂತು ಹಲಗೆಯನ್ನು ಸದ್ದಿಲ್ಲದೆ ತಿನ್ನುತ್ತವೆ. ಸುಮಾರು 500 ಕಿಲೋ ತೂಕದ ಪ್ರಾಣಿ ನಾಲ್ಕು ಚಿಕ್ಕ ಗೊರಸುಗಳ ಮೇಲೆ ನಿಂತಿರುತ್ತದೆ. ಓಡುತ್ತಿರುವ ಗಾಡಿಯಲ್ಲಿ ಒಂದು ಕಾಲು ಕೆಳಗಿಳಿದರೆ ಆ ಕುದುರೆಯ ಗತಿ ಮುಗಿಯಿತು. ಆದ್ದರಿಂದಲೇ ಬಲ್ಲವರು ಹಾಸನ್ನು ಎತ್ತಿ, ದಬ್ಬಳದಿಂದ ಹಲಗೆಯನ್ನು ಚುಚ್ಚಿ ನೋಡುತ್ತಾರೆ. ಗಟ್ಟಿ ಮರ ದಬ್ಬಳವನ್ನು ತಡೆಯುತ್ತದೆ. ಕೊಳೆತದ್ದು ಒಳಗೆ ಬಿಟ್ಟುಕೊಳ್ಳುತ್ತದೆ.

ಕ್ಯಾರವಾನಿಗೂ ದಬ್ಬಳವೇ ವೈದ್ಯ. ಕೆಲವು ಗಾಡಿಗಳ ನೆಲ ಎರಡು ತೆಳು ಪ್ಲೈವುಡ್ಡುಗಳ ನಡುವೆ ಥರ್ಮೊಕೋಲಿನಂಥ ಹಗುರ ಪದಾರ್ಥವನ್ನಿಟ್ಟು ಅಂಟಿಸಿದ್ದು. ಅಂಟು ಬಿಟ್ಟು ಪದರಗಳು ಬೇರೆಯಾದರೂ ನೆಲ ಮೆತ್ತಗಾಗುತ್ತದೆ. ಚುಚ್ಚಿದಲ್ಲಿ ಒಣ ಪುಡಿ ಬಂದರೆ ಆಶೆಯಿದೆ: ಅಲ್ಲಲ್ಲಿ ಸಣ್ಣ ರಂಧ್ರ ಕೊರೆದು ಎಪಾಕ್ಸಿ ಅಂಟನ್ನು ತುಂಬಿ, ಮೇಲೆ ಭಾರ ಹೇರಿ ಗಟ್ಟಿಯಾಗುವವರೆಗೆ ಬಿಟ್ಟರೆ ಆಯಿತು. ಕಪ್ಪು ಒದ್ದೆ ಚೂರು ಬಂದರೆ ಅಂಟಿನ ಮಾತು ಬೇಡ. ಅಲ್ಲಿ ಶಿಲೀಂಧ್ರ ಮನೆಮಾಡಿದೆ.

ಮರದ ತೇವ ನೂರಕ್ಕೆ 20ರೊಳಗಿದ್ದರೆ ಈ ಕೊಳೆ ಹುಟ್ಟದು. ಆದ್ದರಿಂದ ಗರಗಸಕ್ಕೆ ಕೈಹಾಕುವ ಮುನ್ನ ನೀರಿನ ದಾರಿಯನ್ನು ಹುಡುಕಬೇಕು. ಇಡೀ ಕೆಲಸದಲ್ಲಿ ಬೇಸರದ ಭಾಗ ಇದೇ, ಮುಖ್ಯ ಭಾಗವೂ ಇದೇ. ನೀರು ಬಿದ್ದಲ್ಲೇ ಕಾಣಿಸಿಕೊಳ್ಳುವಷ್ಟು ಪ್ರಾಮಾಣಿಕವಲ್ಲ. ಮಾಡಿನ ಬೆಸುಗೆಯಲ್ಲಿ ನುಸುಳಿದ್ದು ಗೋಡೆಯೊಳಗೆ ಇಳಿದು ಮಂಚದ ಕೆಳಗೆ ಪ್ರಕಟವಾದೀತು. ಕಿಟಕಿಯ ಅಂಚು, ತೊಟ್ಟಿಯ ಕೊಳವೆ, ಕೆಳಗಿನಿಂದ ಗಾಲಿ ಎರಚುವ ಕೆಸರು, ಎಲ್ಲವನ್ನೂ ಅನುಮಾನಿಸಬೇಕು. ಇದನ್ನು ಬಿಟ್ಟು ನೆಲವನ್ನಷ್ಟೇ ಬದಲಿಸುವವನು ಎರಡು ವರ್ಷಕ್ಕೆ ಅದೇ ಬಡಗಿಯ ಮನೆ ಬಾಗಿಲಿಗೆ ಹೋಗುತ್ತಾನೆ.

ಆಮೇಲೆ ಉಳಿಯುವುದು ಕತ್ತರಿಸುವ ಕೆಲಸ. ಮೆತ್ತಗಾದಷ್ಟನ್ನೇ ಕೆರೆದು ತೃಪ್ತಿಪಡಬಾರದು; ಗಟ್ಟಿ ಮರ ಸಿಕ್ಕಿ, ಹೊಸ ಹಲಗೆಯ ಅಂಚು ಅಡ್ಡತೊಲೆಯ ಮೇಲೆ ಕೂರುವವರೆಗೆ ತೆಗೆಯಬೇಕು. ತೊಲೆಯೂ ಸೊರಗಿದ್ದರೆ ಪಕ್ಕದಲ್ಲೊಂದು ಜೊತೆಗೂಡಿಸಬೇಕು. ಉಳಿದದ್ದು ಪೂರ್ತಿ ಆರಿದ ಮೇಲೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಬಳಿಯುವುದುಂಟು.

ಹಲಗೆಯ ಆಯ್ಕೆಯಲ್ಲಿ ಜಿಪುಣತನ ಸಲ್ಲದು. ಪ್ಲೈವುಡ್ಡಿನ ಸಂಶೋಧನೆಗೆಂದೇ 1962ರಲ್ಲಿ ಹುಟ್ಟಿದ ಒಂದು ಸಂಸ್ಥೆ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ನೆಲೆಗೊಂಡಿತು. ಹಲಗೆಗೂ ಇಷ್ಟು ಶಾಸ್ತ್ರವೇ ಎಂದು ನಗುವವರು ಅಂಗಡಿಯಲ್ಲಿ ಐ.ಎಸ್. 710 ಎಂಬ ಗುರುತನ್ನು ಕೇಳಿ ನೋಡಬೇಕು. ಅದು ದೋಣಿಗಳಿಗೂ ಸಲ್ಲುವ ಜಾತಿ. 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡಬಾರದೆಂಬುದು ಅದರ ಪರೀಕ್ಷೆ. ಮನೆಯೊಳಗಿನ ಬೀರುವಿಗೆ ಒಪ್ಪುವ ಅಗ್ಗದ ಹಲಗೆಗೆ ಈ ಅಗ್ನಿಪರೀಕ್ಷೆಯಿಲ್ಲ. ಒಳ್ಳೆಯ ಹಲಗೆಯೂ ಕತ್ತರಿಸಿದ ಅಂಚಿನಲ್ಲಿ ನೀರು ಕುಡಿಯುತ್ತದೆ. ಅಂಚಿಗೂ ತಿರುಪಿನ ರಂಧ್ರಕ್ಕೂ ಎಪಾಕ್ಸಿ ಬಳಿಯದೆ ಕೂರಿಸಿದರೆ ದೊಡ್ಡ ದುಡ್ಡು ಕೊಟ್ಟೂ ಸುಖವಿಲ್ಲ.

ನೆಲ ಮುಚ್ಚಲು ಅವಸರಪಡದವರು ಜಾಣರು. ಹೊಸ ಹಲಗೆಯನ್ನು ಹಾಗೆಯೇ ಬರಿದಾಗಿ ಬಿಟ್ಟು, ಆಶ್ವಯುಜದ ಒಂದು ದೊಡ್ಡ ಮಳೆಯನ್ನು ಗಾಡಿಯ ಮೇಲೆ ಸುರಿಯಗೊಟ್ಟು, ಬೆಳಿಗ್ಗೆ ಬರಿಗಾಲಿನಲ್ಲಿ ಒಳಹೊಕ್ಕು ಮೂಲೆಮೂಲೆಗೆ ಹಿಮ್ಮಡಿಯೂರಿ ನೋಡುತ್ತಾರೆ. ಜಮಖಾನ ಅಲ್ಲಿಯವರೆಗೂ ಮನೆಯ ಅಟ್ಟದ ಮೇಲೆಯೇ ಇರುತ್ತದೆ.