ಚಾಪೆಯ ಸಭೆ, ಫೋನಿನ ಸಭೆ

ವ್ಯವಹಾರದ ಮಾತು ಎಂದೊಡನೆ ‘ಇದು ಗಂಡಸರಿಗೆ ಸೇರಿದ್ದು’ ಎಂದು ಪುಟ ತಿರುವಿ ಅಡಿಗೆಯ ಅಂಕಣಕ್ಕೆ ಹೋಗಬೇಡಿ, ಸೋದರಿಯರೇ. ಬಾಗಿಲಿಗೆ ಬಂದ ಮೀನಿನವಳ ಬುಟ್ಟಿಯಲ್ಲಿ ಬಂಗಡೆಯ ಕಿವಿ ಎತ್ತಿ, ಒಳಗೆ ಕೆಂಪಗಿದೆಯೋ ಇಲ್ಲವೋ ನೋಡಿ, ಆಮೇಲೆ ದರ ಕೇಳುವವರು ನಾವೇ ತಾನೆ? ಹಾಲಿನ ಲೆಕ್ಕ ಕ್ಯಾಲೆಂಡರಿನ ಮೇಲೆ ಬರೆದಿಡುವವರು ಯಾರು? ಚೀಟಿ ಎತ್ತಿದ ಹಣದಲ್ಲಿ ಮಗನ ಫೀ ಕಟ್ಟಿ, ಉಳಿದದ್ದನ್ನು ಅಕ್ಕಿ ಡಬ್ಬಿಯ ತಳದಲ್ಲಿ ಇಡುವವರು ಯಾರು? ಇದೆಲ್ಲ ವ್ಯವಹಾರವಲ್ಲದೆ ಮತ್ತೇನು ಅಂತೀರಿ?

ನಾನು ಹೇಳಹೊರಟದ್ದು, ಈಚಿನ ವರ್ಷಗಳಲ್ಲಿ ವ್ಯವಹಾರದ ಸಭೆಗಳೆಲ್ಲ ಫೋನಿನ ಪರದೆ ಏರಿ ಕೂತ ಸಂಗತಿ. ಕಾರವಾರದಲ್ಲಿರುವ ನನ್ನ ತಮ್ಮನನ್ನೇ ನೋಡಿ. ವಾರಕ್ಕೆರಡು ಸಲ ಬೆಂಗಳೂರಿನ ಆಫೀಸಿನವರೊಡನೆ ಮೀಟಿಂಗು. ಮೇಲೆ ಇಸ್ತ್ರಿಯ ಅಂಗಿ, ಕೆಳಗೆ ಲುಂಗಿ! ದೊಡ್ಡ ಕಂಪನಿಗಳೂ ಇದಕ್ಕೆ ಹೊರತಲ್ಲ. 2020ರಲ್ಲಿ ಕೊರೋನಾ ಬಂದಾಗ ಷೇರುದಾರರ ಸಭೆಯನ್ನು ವಿಡಿಯೋ ಮೂಲಕ ನಡೆಸಬಹುದೆಂದು ಕೇಂದ್ರ ಸರಕಾರವೇ ಅನುಮತಿ ಕೊಟ್ಟಿತು. ಆ ವರ್ಷದ ಜುಲೈ 15ರಂದು ರಿಲಯನ್ಸ್ ಕಂಪನಿಯ ವಾರ್ಷಿಕ ಸಭೆ ಪರದೆಯ ಮೇಲೆಯೇ ನಡೆದುಹೋಯಿತು. ಅಷ್ಟು ಕೋಟಿಗಳ ಲೆಕ್ಕವೇ ಹಾಗೆ ಮುಗಿದ ಮೇಲೆ ನಮ್ಮ ಹಪ್ಪಳ, ಮುರುಗಲು ಸಿಪ್ಪೆಯ ಲೆಕ್ಕಕ್ಕೆ ಚಾಪೆ ಯಾಕೆ ಬೇಕು ಎಂದು ತಮ್ಮ ನನ್ನನ್ನು ಕೆಣಕುತ್ತಾನೆ.

ಯಾಕೆ ಬೇಕು ಎಂಬುದನ್ನೇ ಹೇಳುತ್ತೇನೆ, ಕೇಳಿ.

ನಾನು ಬಲ್ಲ ಸಭೆಯೆಂದರೆ ಅಂಕೋಲೆಯ ನಮ್ಮ ಸ್ವಸಹಾಯ ಸಂಘದ ಮಂಗಳವಾರದ ಸಭೆ. ನಾವು 14 ಮಂದಿ. ನಿಮ್ಮೂರಲ್ಲೂ ಇಂಥದೊಂದು ಸಂಘ ಇದ್ದೇ ಇರುತ್ತದೆ. ಈ ಪದ್ಧತಿ ಬೇರು ಬಿಟ್ಟ ನೆಲಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಮೈರಾಡ ಸಂಸ್ಥೆಯವರು 1980ರ ದಶಕದಲ್ಲಿ ಇಲ್ಲಿ ಇಂಥ ಸಣ್ಣ ಗುಂಪುಗಳನ್ನು ಕಟ್ಟಿದರು. 1992ರಲ್ಲಿ ನಬಾರ್ಡ್ ಈ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಶುರು ಮಾಡಿತು. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಸಂಘಗಳಿಗೆ ಪಂಚಸೂತ್ರ ಅಂತ ಇದೆ: ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಗೊಳಗೇ ಸಾಲ, ಹೊತ್ತಿಗೆ ಸರಿಯಾಗಿ ಮರುಪಾವತಿ, ಪುಸ್ತಕದಲ್ಲಿ ಸರಿಯಾದ ಲೆಕ್ಕ. ಗಮನಿಸಿದಿರಾ? ಹಣದ ಮಾತು ಎರಡನೆಯದು, ಮೊದಲನೆಯದು ಸಭೆ. ಯಾಕೆಂದರೆ ನಮ್ಮಲ್ಲಿ ಸಾಲಕ್ಕೆ ಮನೆಪತ್ರ ಇಲ್ಲ, ಬಂಗಾರದ ಅಡವಿಲ್ಲ. ಒಬ್ಬಳಿಗೆ ಉಳಿದವರೇ ಜಾಮೀನು. ವಾರವಾರ ಮುಖ ನೋಡಿದ ಗುರುತಿನ ಮೇಲೆ ದುಡ್ಡು ಕೈಬದಲಾಗಬೇಕು.

2020ರ ಮಾರ್ಚ್ 25ಕ್ಕೆ ಇಡೀ ದೇಶಕ್ಕೆ ಬೀಗ ಬಿತ್ತಲ್ಲ, ನಮ್ಮ ಚಾಪೆಯೂ ಅಟ್ಟ ಸೇರಿತು. ನಮ್ಮ ಕಾರ್ಯದರ್ಶಿಯ ಮಗಳು ಫೋನಿನಲ್ಲಿ ಎಲ್ಲರನ್ನೂ ಕೂಡಿಸಿದಳು. ಮೊದಲ ದಿನದ ಗಲಾಟೆ ಏನು ಕೇಳುತ್ತೀರಿ! ಒಬ್ಬರ ಮನೆಯ ಕುಕ್ಕರಿನ ಸೀಟಿ, ಇನ್ನೊಬ್ಬರ ಕೋಳಿ, ಮತ್ತೊಬ್ಬರ ಮಾವನವರ ಕೆಮ್ಮು. ಹಾಗೂ ಹೀಗೂ ರೂಢಿಯಾಯಿತು.

ನಮ್ಮಲ್ಲಿ ಒಬ್ಬಾಕೆಯ ಗಂಡ ದೋಣಿಯ ಮೇಲೆ ದುಡಿಯುವವನು. ದೋಣಿ ದಡದಲ್ಲೇ ನಿಂತ ದಿನಗಳು ಅವು. ಅದು ಮುಗಿಯುವಷ್ಟರಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ. ಪ್ರತಿ ವಾರ ಅಧ್ಯಕ್ಷೆ ಒಬ್ಬೊಬ್ಬರನ್ನೇ ಕೇಳುವರು, ‘ನಿಮ್ಮ ಮನೇಲಿ ಹ್ಯಾಂಗೆ?’ ಆಕೆಯ ಉತ್ತರ ಪ್ರತಿ ಸಲ ಒಂದೇ: ‘ಎಲ್ಲಾ ಸರಿ ಅದೆ ಅಕ್ಕಾ.’ ಪರದೆಯಲ್ಲಿ ಕಾಣುವುದು ಎಷ್ಟು ಹೇಳಿ? ಹಣೆಯ ಕುಂಕುಮ, ಒಂದು ನಗೆ, ಕುತ್ತಿಗೆಯವರೆಗೆ ಹೊದ್ದ ಸೆರಗು. ವಾರದ ಉಳಿತಾಯದ 50 ರೂಪಾಯಿಯನ್ನೂ ಆಕೆ ತಪ್ಪಿಸಲಿಲ್ಲ. ಪುಸ್ತಕದ ಪ್ರಕಾರ ನಮ್ಮ ಸಂಘದ ಅತ್ಯಂತ ಶಿಸ್ತಿನ ಸದಸ್ಯೆ!

ದೀಪಾವಳಿಗೆ ಸ್ವಲ್ಪ ಮೊದಲು ಮತ್ತೆ ಚಾಪೆ ಹಾಸಿದೆವು, ಮುಖಕ್ಕೆ ಬಟ್ಟೆ ಕಟ್ಟಿ, ದೂರ ದೂರ ಕೂತು. ನಗೆ ಕಾಣಿಸದಿದ್ದರೂ ಉಳಿದದ್ದೆಲ್ಲ ಕಾಣಿಸಿತು. ರಿಜಿಸ್ಟರಿಗೆ ಸಹಿ ಮಾಡಲು ಆಕೆ ಬಗ್ಗಿದಾಗ ಸೆರಗು ಜಾರಿತು. ಕರಿಮಣಿ ಇತ್ತು, ಅದರಲ್ಲಿ ಬಂಗಾರ ಇರಲಿಲ್ಲ. ಕೈಯಲ್ಲಿ ಗಾಜಿನ ಬಳೆ ಮಾತ್ರ. ಯಾರೂ ಏನೂ ಕೇಳಲಿಲ್ಲ. ಸಭೆ ಮುಗಿದ ಮೇಲೆ ಎಲ್ಲರೂ ಚಪ್ಪಲಿ ಹುಡುಕುವ ಹೊತ್ತಿಗೆ ನಮ್ಮ ಹಿರಿಯಕ್ಕ ಆಕೆಯ ಕೈ ಹಿಡಿದು ಹಿತ್ತಲಿನ ಬಾವಿಕಟ್ಟೆಗೆ ಕರೆದೊಯ್ದರು. ಬಂಗಾರವೆಲ್ಲ ಅಡವಿಗೆ ಹೋಗಿತ್ತು. ಅದರ ಬಡ್ಡಿ ಕಟ್ಟಲು ಕೈಸಾಲ, ಆ ಕೈಸಾಲದಲ್ಲೇ ನಮ್ಮ 50 ರೂಪಾಯಿ ಕೂಡ! ಮುಂದಿನ ಮಂಗಳವಾರ ಸಂಘದಿಂದ 20,000 ರೂಪಾಯಿ ಸಾಲ ಕೊಟ್ಟೆವು. ಅಡವು ಬಿಡಿಸಿಕೊಂಡಳು. ನಮ್ಮ ಸಾಲವನ್ನು 14 ತಿಂಗಳಲ್ಲಿ ತೀರಿಸಿದಳು.

ಬಾವಿಕಟ್ಟೆಯ ಆ ಮಾತು ಫೋನಿನಲ್ಲಿ ಆಗುತ್ತಿತ್ತೇ? ಫೋನಿನ ಸಭೆ ಮುಗಿಯಿತೆಂದರೆ ಮುಗಿಯಿತು, ಪರದೆ ಕಪ್ಪಾಯಿತು. ಚಪ್ಪಲಿ ಹುಡುಕುವ ಹೊತ್ತು ಅಲ್ಲಿಲ್ಲ. ಅರ್ಧ ವ್ಯವಹಾರ ಆಗುವುದೇ ಆ ಹೊತ್ತಿನಲ್ಲಿ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಫೋನನ್ನು ಬಯ್ಯುತ್ತಿದ್ದೇನೆ ಅಂದುಕೊಳ್ಳಬೇಡಿ. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಜೀವಗಳು ಹೋಗಿ, ಹೆದ್ದಾರಿ ಎಷ್ಟೋ ದಿನ ಮುಚ್ಚಿತ್ತು. ಆ ಮಳೆಯಲ್ಲಿ ಯಾರು ಎಲ್ಲಿದ್ದಾರೆ, ಯಾರ ಮನೆಗೆ ಏನಾಗಿದೆ ಎಂದು ತಿಳಿದದ್ದು ಫೋನಿನಿಂದಲೇ. ಇನ್ನೊಂದು ಮಾತೂ ಇದೆ. ಅವರ್ಸಾದ ಕಡೆಯ ಸೊಸೆಯೊಬ್ಬಳು ನಮ್ಮ ಸಂಘದಲ್ಲಿದ್ದಾಳೆ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಬರುವಂತಿಲ್ಲ. ಚಾಪೆಯ ಸಭೆಯಲ್ಲಿ ಅವಳ ಹೆಸರಿನ ಮುಂದೆ ಸದಾ ಗೈರುಹಾಜರಿ. ಫೋನಿನ ಸಭೆಯಲ್ಲಿ ಅವಳೇ ಎಲ್ಲರಿಗಿಂತ ಮುಂದೆ, ಲೆಕ್ಕದ ತಪ್ಪು ಹಿಡಿಯುವವಳೂ ಅವಳೇ! 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರಕಾರಿ ಬಸ್ಸು ನಮಗೆಲ್ಲ ಬಿಟ್ಟಿಯಾಯಿತು, ನಿಜ. ಆದರೆ ಮನೆಯಿಂದ ಹೊರಡಲು ಬೇಕಾದ ಬಿಡುವನ್ನು ಯಾವ ಬಸ್ಸೂ ಕೊಡುವುದಿಲ್ಲವಲ್ಲ.

ಧಾರವಾಡದಲ್ಲಿ ಓದುವ ಮಗಳು ಈ ವಿಷಯದಲ್ಲಿ ಪಂಡಿತರು ಏನೆನ್ನುತ್ತಾರೆ ಎಂದು ನನಗೆ ಓದಿ ಹೇಳಿದಳು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 10 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ 2021ರಲ್ಲಿ ಹೇಳಿದ ಸಂಗತಿ: ವಿಡಿಯೋ ಸಭೆಯಿಂದ ವಿಪರೀತ ದಣಿಯುವವರು ಗಂಡಸರಲ್ಲಿ 20ಕ್ಕೆ ಒಬ್ಬರಾದರೆ ಹೆಂಗಸರಲ್ಲಿ 7ಕ್ಕೆ ಒಬ್ಬರು. ಕಾರಣಗಳಲ್ಲಿ ಮುಖ್ಯವಾದದ್ದು, ಪರದೆಯ ಮೂಲೆಯಲ್ಲಿ ಸದಾ ನಮ್ಮ ಮುಖವೇ ನಮಗೆ ಕಾಣುತ್ತಿರುವುದು. ಗಂಟೆಗಟ್ಟಲೆ ಕನ್ನಡಿ ಹಿಡಿದು ಮಾತಾಡಿದಂತೆ! ಕೂದಲು ಕೆದರಿದೆಯೇ, ಹಿಂದಿನ ಗೋಡೆಯ ಸುಣ್ಣ ಉದುರಿದೆಯೇ ಎಂಬ ಚಿಂತೆಯಲ್ಲಿ ಬಡ್ಡಿಯ ಲೆಕ್ಕ ತಲೆಗೆ ಹೋಗುವುದು ಹೇಗೆ? ಜೂಮ್‌ನಲ್ಲಾದರೆ ನಮ್ಮ ಮುಖ ನಮಗೆ ಕಾಣದಂತೆ ಮರೆಮಾಡಲು ಬರುತ್ತದೆ. ಮಕ್ಕಳಿಂದ ಮಾಡಿಸಿಕೊಳ್ಳಿ, ಅರ್ಧ ದಣಿವು ಇಳಿಯುತ್ತದೆ.

2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಹಿಡಿಸಿತು. ಇಬ್ಬಿಬ್ಬರ ಜೋಡಿ ಮಾಡಿ, ಕೆಲವು ಜೋಡಿಗಳನ್ನು ಎದುರುಬದುರು, ಕೆಲವನ್ನು ವಿಡಿಯೋದಲ್ಲಿ ಕೂರಿಸಿ, ಹೊಸ ಹೊಸ ಉಪಾಯ ಹುಡುಕಲು ಹೇಳಿದರಂತೆ. ಎದುರುಬದುರು ಕೂತವರಿಗೆ ಹೆಚ್ಚು ಉಪಾಯ ಹೊಳೆದವು. ಆದರೆ ಹೊಳೆದವುಗಳಲ್ಲಿ ಒಳ್ಳೆಯದನ್ನು ಆರಿಸುವ ಕೆಲಸದಲ್ಲಿ ವಿಡಿಯೋದವರು ಹಿಂದೆ ಬೀಳಲಿಲ್ಲ. ಪರದೆಯ ಮುಂದೆ ಕೂತವರ ಕಣ್ಣು ಪರದೆಗೇ ಅಂಟಿರುತ್ತದೆ, ಅತ್ತಿತ್ತ ಅಲೆಯದ ಕಣ್ಣಿನೊಡನೆ ಮನಸ್ಸೂ ಅಲೆಯುವುದಿಲ್ಲ ಎನ್ನುತ್ತಾರೆ ಅವರು. ನಮ್ಮ ಸಂಘದಲ್ಲಿ ಹಲಸಿನ ಹಪ್ಪಳದ ಜೊತೆ ಮುರುಗಲು ಸಿಪ್ಪೆಯನ್ನೂ ಮಾರೋಣ ಎಂಬ ಉಪಾಯ ಹೊಳೆದದ್ದು, ಮಾತಿನ ನಡುವೆ ಒಬ್ಬಾಕೆ ಅಂಗಳದಲ್ಲಿ ಒಣಗಿಸಿದ ಸಿಪ್ಪೆಯನ್ನು ಕಾಗೆಯಿಂದ ಕಾಯಲು ಎದ್ದು ಹೋದಾಗ!

ಇನ್ನು ಮಾವಿನ ಪ್ರಸಂಗ. ನಮ್ಮ ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಆಮೇಲೆ ಒಂದು ಬೇಸಿಗೆಯಲ್ಲಿ ಬೆಂಗಳೂರಿನ ವ್ಯಾಪಾರಿಯೊಬ್ಬರು ವಿಡಿಯೋದಲ್ಲೇ ಹಣ್ಣು ನೋಡಿ ದರ ಕಟ್ಟಲು ಕೂತರು. ‘ಕರಿ ಯಾವುದು, ಬಿಳಿ ಯಾವುದು? ನನಗೆ ಎರಡೂ ಒಂದೇ ಥರ ಕಾಣ್ತಾವಲ್ಲಮ್ಮ’ ಎಂದರು. ಕರಿ ಇಶಾಡದ ಸಿಪ್ಪೆ ತೆಳು, ತಿರುಳು ಹೆಚ್ಚು, ಸಿಹಿ ಹೆಚ್ಚು. ಬಿಳಿಯದರ ಸಿಪ್ಪೆ ದಪ್ಪ. ಇದನ್ನು ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಅವರು ಹೇಳಿದ ದರಕ್ಕೆ ನಾವು ಒಪ್ಪಲಿಲ್ಲ. ಗೋವೆಗೆ ಹೊರಟವರು ಮರುವಾರ ದಾರಿಯಲ್ಲಿ ಇಳಿದರು. ಜಗುಲಿಯಲ್ಲಿ ಕೂರಿಸಿ, ಎರಡೂ ಹಣ್ಣು ಹೆಚ್ಚಿ ಬೇರೆ ಬೇರೆ ತಟ್ಟೆಯಲ್ಲಿಟ್ಟೆವು. ಮಾತೇ ಬೇಕಾಗಲಿಲ್ಲ, ಡಜನಿಗೆ 50 ರೂಪಾಯಿ ಅವರೇ ಏರಿಸಿದರು. ಅದರ ಮುಂದಿನ ವರ್ಷ ಅವರು ಬರಲಿಲ್ಲ, ನಾವೂ ಕರೆಯಲಿಲ್ಲ. ಎರಡು ನಿಮಿಷದ ಫೋನಿನಲ್ಲಿ ವ್ಯಾಪಾರ ಮುಗಿಯಿತು. ಒಮ್ಮೆ ಗುರುತಾದ ಮೇಲೆ ಫೋನು ಸಾಕು ನೋಡಿ.

ಈಗ ನಮ್ಮ ಸಂಘದ ಕ್ರಮ ಹೀಗಿದೆ. ತಿಂಗಳಲ್ಲಿ ಒಂದು ಸಭೆ ಫೋನಿನಲ್ಲಿ, ಉಳಿದವು ಚಾಪೆಯ ಮೇಲೆ. ಸರಕಿನ ಲೆಕ್ಕ, ಯಾರು ಎಷ್ಟು ಕಿಲೋ ತರಬೇಕು ಎಂಬ ಮಾತು ಫೋನಿನಲ್ಲಿ ಆಗಬಹುದು. ಹೊಸ ಸಾಲ, ಬಾಕಿ ಬಿದ್ದ ಕಂತು, ಸದಸ್ಯರ ನಡುವಿನ ಜಗಳ, ಈ ಮೂರನ್ನು ಮಾತ್ರ ಫೋನಿನಲ್ಲಿ ಎತ್ತುವಂತಿಲ್ಲ. ಜಗಳವನ್ನಂತೂ ಚಹಾ ಕುಡಿದ ಮೇಲೆಯೇ ಎತ್ತಬೇಕು, ಅದು ಹಿರಿಯಕ್ಕ ಮಾಡಿದ ಕಾನೂನು.

ಅವರ್ಸಾದ ಸೊಸೆ ಉಳಿತಾಯದ ಹಣವನ್ನು ಫೋನಿನಿಂದಲೇ ಕಳಿಸುತ್ತಾಳೆ, ಸಹಿ ಮಾತ್ರ ಉಳಿಯುತ್ತದೆ. ಅದಕ್ಕೆಂದು ತಿಂಗಳಿಗೊಮ್ಮೆ ನಮ್ಮಲ್ಲಿ ಇಬ್ಬರು ರಿಜಿಸ್ಟರು ಹಿಡಿದು ಅವಳ ಮನೆಗೇ ಹೋಗುತ್ತೇವೆ. ಸಹಿಗೆ ಒಂದು ನಿಮಿಷ ಸಾಕು. ಆದರೂ ನಾವು ಅತ್ತೆಯ ಮಂಚದ ಪಕ್ಕ ಒಂದು ತಾಸು ಕೂರುತ್ತೇವೆ. ಅಷ್ಟರಲ್ಲಿ ಅವಳು ಸೀರೆ ಬದಲಿಸಿ, ಚೀಲ ಹಿಡಿದು ಪೇಟೆಗೆ ಹೋಗಿ ಬರುತ್ತಾಳೆ.